ಬಂದರಿನ ಕಾರ್ಡು ಕೂಡಿಸುವವನಿಗೆ

ಹಳೆಯ ಮುಂಬಯಿ ಬಂದರಿನ ಪೋಸ್ಟ್ ಕಾರ್ಡುಗಳ ಹಿಂದೆ ಬಿದ್ದಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು, ಸ್ವಲ್ಪ ಗಾಬರಿಯಲ್ಲೇ. ಗಾಬರಿಪಡುವಂಥದ್ದೇನೂ ಇಲ್ಲ, ಹತೋಟಿಯಲ್ಲಿದ್ದರೆ ಇದು ಒಳ್ಳೆಯ ಚಟವೇ. ಆ ಹತೋಟಿಯದ್ದೇ ಮೊದಲ ಮಾತು ಮಗಾ: ಇಡೀ ಮುಂಬಯಿಯನ್ನು ಕೂಡಿಸಲು ಹೋಗಬೇಡ. ರಾಜಾಬಾಯಿ ಗೋಪುರ, ವಿಕ್ಟೋರಿಯಾ ಟರ್ಮಿನಸ್, ಮಲಬಾರ್ ಹಿಲ್ ಕಾರ್ಡುಗಳು ಎಲ್ಲ ವ್ಯಾಪಾರಿಗಳ ಹತ್ತಿರವೂ ಬಿದ್ದಿರುತ್ತವೆ. ನೀನು ನೀರಿನಂಚು ಬಿಟ್ಟು ಈಚೆ ಬರಬೇಡ. ಸಸೂನ್ ಡಾಕ್, 1880ರಲ್ಲಿ ತೆರೆದ ಪ್ರಿನ್ಸಸ್ ಡಾಕ್, ಆಮೇಲಿನ ವಿಕ್ಟೋರಿಯಾ ಡಾಕ್, ಈಗ ಇಂದಿರಾ ಡಾಕ್ ಆಗಿರುವ 1914ರ ಅಲೆಕ್ಸಾಂಡ್ರಾ ಡಾಕ್, ಬಲಾರ್ಡ್ ಪಿಯರ್, ಅಪೋಲೊ ಬಂದರ್. ಇಷ್ಟಕ್ಕೇ ಒಂದು ಆಯುಷ್ಯ ಸಾಲದು.

ಕಾರ್ಡು ಕೈಗೆ ಬಂದಾಗ ಅಂಚೆ ಮುದ್ರೆಯ ತಾರೀಖನ್ನೇ ನಂಬಿ ಕೂರಬೇಡ. ಕಾರ್ಡನ್ನು ಯಾವಾಗ ಕಳಿಸಿದರು ಎಂಬುದನ್ನಷ್ಟೇ ಅದು ಹೇಳುತ್ತದೆ. ಚಿತ್ರ ಅದಕ್ಕಿಂತ ಹತ್ತು ವರ್ಷ ಹಳೆಯದಿರಬಹುದು. ಅಪೋಲೊ ಬಂದರಿನ ಕಾರ್ಡಾದರೆ ಚಿತ್ರವೇ ಸಾಕ್ಷಿ. ತಾಜ್ ಹೋಟೆಲು ತೆರೆದದ್ದು 1903ರ ಡಿಸೆಂಬರಿನಲ್ಲಿ. ಗೇಟ್‌ವೇಗೆ ಅಡಿಗಲ್ಲು ಬಿದ್ದದ್ದು 1913ರಲ್ಲಿ, ಉದ್ಘಾಟನೆ 1924ರಲ್ಲಿ. ತಾಜ್ ಇದ್ದು ಗೇಟ್‌ವೇ ಇಲ್ಲದಿದ್ದರೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಅದರ ಕಾಲ. ಕುದುರೆ ಎಳೆಯುವ ಟ್ರಾಮ್ ಕಂಡರೆ 1907ಕ್ಕಿಂತ ಹಿಂದಿನದು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಶುರುವಾದದ್ದು ಆ ವರ್ಷ. ವಿಕ್ಟೋರಿಯಾ ಡಾಕಿನ ಗೋದಾಮುಗಳ ಕಾರ್ಡು ಸಿಕ್ಕರಂತೂ ಬಿಡಬೇಡ. 1944ರ ಏಪ್ರಿಲ್ 14ರಂದು ಅಲ್ಲಿ ಕಟ್ಟಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನ ಮದ್ದುಗುಂಡು ಸಿಡಿದು ಅಕ್ಕಪಕ್ಕವೆಲ್ಲ ಬೂದಿಯಾಯಿತು, ನೂರಾರು ಜನ ಸತ್ತರು. ಅದಕ್ಕಿಂತ ಮೊದಲು ಆ ಜಾಗ ಹೇಗಿತ್ತೆಂದು ತೋರಿಸುವ ಕಾಗದ ಯಾವುದಾದರೂ ಬೆಲೆಬಾಳುವುದೇ.

ಕಾರ್ಡಿನ ಬೆನ್ನನ್ನೂ ನೋಡು. ಮೊದಮೊದಲು ಆ ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಸುದ್ದಿಯನ್ನು ಚಿತ್ರದ ಸುತ್ತ ಇರುಕಿನಲ್ಲಿ ಗೀಚಬೇಕಿತ್ತು. ನಡುವೆ ಗೆರೆ ಹಾಕಿ ಅರ್ಧ ಸುದ್ದಿಗೆ, ಅರ್ಧ ವಿಳಾಸಕ್ಕೆ ಎಂದು ಬ್ರಿಟನ್ 1902ರಲ್ಲಿ ಒಪ್ಪಿತು. ಬೇರೆ ದೇಶಗಳು ಒಂದೊಂದಾಗಿ ಹಿಂಬಾಲಿಸಿದವು. ಗೆರೆಯಿಲ್ಲದ ಬೆನ್ನು ಸಿಕ್ಕಿತೆಂದರೆ ಹಳೆಯ ಕಾಲದ ಕಾರ್ಡೆಂದು ಹಿಡಿ. ‘ಪ್ರಿಂಟೆಡ್ ಇನ್ ಜರ್ಮನಿ’ ಅಥವಾ ‘ಸ್ಯಾಕ್ಸನಿ’ ಎಂದಿದ್ದರೆ ಸಾಮಾನ್ಯವಾಗಿ 1914ರ ಯುದ್ಧಕ್ಕೆ ಮೊದಲಿನದು. ಬಣ್ಣ ಹಾಕಿದ ಜರ್ಮನ್ ಕುಶಲಕರ್ಮಿ ಮುಂಬಯಿಯ ಸಮುದ್ರವನ್ನು ಕಂಡವನೇ ಅಲ್ಲ. ಆದ್ದರಿಂದ ಮಳೆಗಾಲದ ಅರಬ್ಬಿ ಸಮುದ್ರ ಗಿಳಿಹಸಿರಾಗಿದ್ದರೆ ಬೆರಗಾಗಬೇಡ.

ಒಂದು ಒಳ್ಳೆಯ ಭೂತಗನ್ನಡಿ ಕೊಂಡುಕೋ. ಸಾಲಾಗಿ ಚುಕ್ಕಿಗಳು ಕಂಡರೆ ಬ್ಲಾಕಿನ ಮುದ್ರಣ. ಚುಕ್ಕಿಯೇ ಇಲ್ಲದೆ ನೆರಳು ಬೆಳಕು ನಯವಾಗಿ ಬೆರೆತಿದ್ದರೆ ನಿಜವಾದ ಫೋಟೊ ಕಾಗದ; ಅದಕ್ಕೆ ಹೆಚ್ಚು ಕೊಡಬಹುದು. ಸಣ್ಣ ಯುವಿ ಟಾರ್ಚೂ ಇರಲಿ. ಹಳೆಯ ಕಾಗದ ಅದರ ಬೆಳಕಿಗೆ ಮಂಕಾಗಿಯೇ ಇರುತ್ತದೆ, ಈಚಿನ ಕಾಗದ ನೀಲಿಬಿಳುಪಾಗಿ ಹೊಳೆಯುತ್ತದೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಈ ಟಾರ್ಚು ತೆಗೆದರೆ ಕೆಲವು ಅಂಗಡಿಯವರ ಮುಖ ಗಂಟಾಗುತ್ತದೆ. ಆಗಲಿ ಬಿಡು, ಮೊದಲು ಹೇಳಿದ ಬೆಲೆ ತಾನೇ ಇಳಿಯುತ್ತದೆ.

ಬರೆಯದ, ಸ್ವಚ್ಛವಾದ ಕಾರ್ಡೇ ಮೇಲು ಎಂದು ಅಂಗಡಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ನಾಳೆ ಹಡಗು ಹೊರಡುತ್ತದೆ, ಸೆಖೆ ತಡೆಯಲಾಗದು’ ಎಂದು ಎರಡು ಸಾಲು ಗೀಚಿದ್ದರೂ ಆ ಕಾರ್ಡಿಗೆ ಜೀವ ಬಂದಂತೆ. ಮುಂಬಯಿಗೂ ಏಡನ್ನಿಗೂ ನಡುವೆ ಮೇಲ್ ಹಡಗಿನಲ್ಲೇ ಕುಳಿತು ಅಂಚೆ ವಿಂಗಡಿಸುವ ‘ಸೀ ಪೋಸ್ಟ್ ಆಫೀಸ್’ 1914ರವರೆಗೆ ಇತ್ತು. ಅದರ ಮುದ್ರೆ ಬಿದ್ದ ಕಾರ್ಡು ಕಂಡರೆ ಚೌಕಾಸಿ ಮಾಡುತ್ತ ನಿಲ್ಲಬೇಡ. ಸ್ಟಾಂಪನ್ನಂತೂ ಯಾವತ್ತೂ ಕೀಳಬೇಡ ಮಾರಾಯ. ಸ್ಟಾಂಪು ಕೂಡಿಸುವವರು ಹಾಗೆ ಕಿತ್ತು ಹಾಳುಗೆಡವಿದ ಕಾರ್ಡುಗಳಿಗೆ ಲೆಕ್ಕವಿಲ್ಲ.

ಅಂಟು ಹಾಕಿ ಆಲ್ಬಮ್ಮಿಗೆ ಮೆತ್ತುವುದೂ ಬೇಡ. ಪಿವಿಸಿ ಕವರು ವರ್ಷ ಕಳೆದಂತೆ ಜಿಡ್ಡುಬಿಟ್ಟು ಚಿತ್ರವನ್ನೇ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದು ಕೇಳಿ ತಗೋ. ಮುಂಬಯಿ ಮಳೆಗಾಲದ ಬೂಷ್ಟು ನಿನಗೆ ಗೊತ್ತೇ ಇದೆ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡ.

ಇನ್ನು ನನ್ನ ಹಟದ ಮಾತು. ಈ ಕಾರ್ಡುಗಳಲ್ಲಿ ಹೆಚ್ಚಿನವು ಮೇಲ್ ಹಡಗಿನಲ್ಲಿ ಬಂದುಹೋಗುವ ಬಿಳಿಯರ ಕಣ್ಣಿಗೆಂದು ಆದವು. ಕಟ್ಟಡಕ್ಕೆ ಹೆಸರುಂಟು, ಹತ್ತಿಯ ಅಂಡಿಗೆ ಹೊತ್ತವನು ಬರೀ ‘ಕೂಲಿ’. ಹಾಯಿ ಇರುವುದೆಲ್ಲ ‘ನೇಟಿವ್ ಕ್ರಾಫ್ಟ್’. ಆದರೆ ಆ ಹಾಯಿಗಳನ್ನು ನೀನು ಗುರುತಿಸಬಲ್ಲೆ, ನಿನ್ನ ಅಜ್ಜನ ಊರಿನ ಕಡೆಯಿಂದ ಮಂಗಳೂರು ಹೆಂಚು ತುಂಬಿಕೊಂಡು ಬರುತ್ತಿದ್ದ ಪತ್ತೇಮಾರಿಗಳೂ ಅವುಗಳಲ್ಲಿವೆ. ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ನಮ್ಮವರು ಬಲಾರ್ಡ್ ಪಿಯರಿನಲ್ಲಿ ಇಳಿದವರಲ್ಲ, ಸ್ಟೀಮರಿನಲ್ಲಿ ಬಂದು ಭಾವುಚಾ ಧಕ್ಕೆಯಲ್ಲಿ ಇಳಿದವರು. ಆ ಧಕ್ಕೆಯ, ಆ ಸ್ಟೀಮರುಗಳ ಕಾರ್ಡು ನನ್ನ ಕಣ್ಣಿಗೆ ಬಿದ್ದದ್ದು ತೀರ ಕಡಿಮೆ. ಅಂಚು ಹರಿದಿರಲಿ, ಕಲೆ ಬಿದ್ದಿರಲಿ, ಅಂಥದ್ದೊಂದು ಸಿಕ್ಕರೆ ಕೊಂಡುಬಿಡು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಂಗಡಿಯಿಂದಲೇ ನನಗೊಂದು ಫೋನು ಮಾಡು.