ಸಿಂಗರ್‌ನ ಹೊಟ್ಟೆಯಲ್ಲಿ ಪಾದರಸವಿಲ್ಲ

ಹಳೆಯ ಸಿಂಗರ್ ಮೆಷಿನಿನಲ್ಲಿ ಕೆಂಪು ಪಾದರಸ ಇಲ್ಲ. ಸೂಜಿಯಲ್ಲಿಲ್ಲ, ಸೂಜಿ ಕೂರುವ ಸರಳಿನಲ್ಲಿಲ್ಲ, ಚಕ್ರದ ಒಳಗೂ ಇಲ್ಲ. ಎರಕದ ಕಬ್ಬಿಣ, ಉಕ್ಕು, ಅಲ್ಲಲ್ಲಿ ನಿಕ್ಕಲ್ ಲೇಪ, ಕಪ್ಪು ಬಣ್ಣ, ಅದರ ಮೇಲೆ ಹೊನ್ನಿನ ಬಣ್ಣದ ಚಿತ್ತಾರ. ಇರುವುದು ಇಷ್ಟೇ. ಇದನ್ನು ಮೊದಲಿಗೇ ಹೇಳುತ್ತಿರುವುದು ಏಕೆಂದರೆ, ಇಲ್ಲದ ಆ ಪಾದರಸಕ್ಕಾಗಿ ನನ್ನ ಮೆಷಿನನ್ನು ನನ್ನ ಮನೆಯ ಜಗಲಿಯಲ್ಲೇ ಸುತ್ತಿಗೆಯಿಂದ ಹೊಡೆದರು. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು.

ನಾನು ಧಾರವಾಡದ ಕಡೆಯವಳು, ಮದುವೆಯಾಗಿ ಉಡುಪಿಯ ಬನ್ನಂಜೆಗೆ ಬಂದವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದು ತವರಿನಿಂದ ಬಂದ ಅಭ್ಯಾಸ. ಉಡುಪಿಯ ಸೆಕೆಗೆ ಕೌದಿ ಯಾಕೆ ಎಂದು ಕೇಳಿದವರೇ ಆಟಿ ತಿಂಗಳ ಮಳೆಗೆ ಒಂದು ಕೊಡು ಎಂದು ಬಂದಿದ್ದಾರೆ. ಮಣಿಕಟ್ಟು ನೋಯತೊಡಗಿದ ಮೇಲೆ ಕೈಹೊಲಿಗೆ ಕಡಿಮೆ ಮಾಡಿ ಮೆಷಿನ್ ಹಿಡಿಯೋಣ ಅಂದುಕೊಂಡೆ. ಹೊಸದನ್ನೇ ಕೊಳ್ಳು ಎಂದರು ಎಲ್ಲರೂ. ಹೊಸದರಲ್ಲಿ ಹತ್ತಾರು ಬಗೆಯ ಹೊಲಿಗೆ ಇರಬಹುದು, ಕೌದಿಗೆ ಬೇಕಾದದ್ದು ನೇರ ಹೊಲಿಗೆ ಒಂದೇ. ನಾಲ್ಕೈದು ಪದರ ಹಳೆಯ ಸೀರೆ ಇಟ್ಟರೆ ಹಗುರ ಮೆಷಿನ್ ಮೇಜಿನ ಮೇಲೆ ಕುಣಿಯುತ್ತದೆ. ಹಳೆಯ ಕಬ್ಬಿಣದ್ದು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಅದರ ತಗಡಿನಲ್ಲಿ ಸೂಜಿ ಇಳಿಯಲು ಇರುವುದು ಸಣ್ಣ ದುಂಡು ತೂತು. ಅಂಕುಡೊಂಕು ಹೊಲಿಯುವ ಮೆಷಿನಿನ ಅಗಲ ಕಂಡಿಯಲ್ಲಿ ಮೆತ್ತಗಿನ ಬಟ್ಟೆಯ ಮೂಲೆ ಒಳಗೆ ಎಳೆದುಕೊಂಡು ಹೋಗುವ ಹಾಗೆ ಇಲ್ಲಿ ಆಗುವುದಿಲ್ಲ. ಯಂತ್ರಗಳ ಹುಚ್ಚನ್ನು ಅಷ್ಟು ವಿರೋಧಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ನನಗೆ ಅದರಲ್ಲಿ ಆಶ್ಚರ್ಯವಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಕಟ್ಟಿದರು. ಆ ಭಾಗ್ಯ ಎಲ್ಲ ಮನೆಗಳಿಗಿಲ್ಲ. ಹೆಂಚಿನ ಮನೆ ಕೆಡವಿ ತಾರಸಿ ಏರಿಸುವಾಗ ಮರದ ಕಂಬ ಒಬ್ಬರಿಗೆ, ಹಿತ್ತಾಳೆ ಒಬ್ಬರಿಗೆ ಹೋಗುತ್ತದೆ, ಹೊಲಿಗೆ ಮೆಷಿನ್ ಮಾತ್ರ ಸೀದಾ ಗುಜರಿಗೆ. ನನ್ನ ಸಿಂಗರ್ ನನಗೆ ಸಿಕ್ಕಿದ್ದು ಕಾಪುವಿನಲ್ಲಿ, ಅಂಥ ಒಂದು ಮನೆಯ ಅಂಗಳದಲ್ಲಿ. ಗುಜರಿಯವನು ಕಬ್ಬಿಣದ ತೂಕಕ್ಕೆ ಕೊಡುವುದಕ್ಕಿಂತ ಹೆಚ್ಚೇ ಕೊಟ್ಟು, ಕಾಲಿನ ಸ್ಟ್ಯಾಂಡ್ ಸಮೇತ ಟೆಂಪೊಕ್ಕೆ ಹಾಕಿಸಿದೆ.

ದುಡ್ಡು ಕೊಡುವ ಮೊದಲು ನೋಡಬೇಕಾದದ್ದನ್ನು ನೋಡಿಯೇ ಕೊಟ್ಟಿದ್ದೆ. ಕೈಯಿಂದ ಚಕ್ರ ತಿರುಗಿಸಿದಾಗ ಬಿಗಿ ಇದ್ದರೂ ತಿರುಗಿತು. ಒಣಗಿದ ಎಣ್ಣೆಯ ಬಿಗಿ ಸೀಮೆಎಣ್ಣೆಗೆ ಬಿಡುತ್ತದೆ. ಕಡಲ ಗಾಳಿಗೆ ಹಿಡಿದ ತುಕ್ಕು ಮೇಲ್ಮೈಯಲ್ಲಿದ್ದರೆ ಚಿಂತೆಯಿಲ್ಲ, ಬಾಬಿನ್ ಕೂರುವ ಶಟಲ್‌ನ ಕೊಕ್ಕೆಯ ತುದಿ ತಿಂದುಹೋಗಿದ್ದರೆ ಮಾತ್ರ ಬೇಡ. ಅದು ನೆಟ್ಟಗಿತ್ತು. ಬುಡದಲ್ಲಿ ಕೆತ್ತಿದ ನಂಬರ್ ಇಂಗ್ಲಿಷಿನ ಇ ಅಕ್ಷರದಿಂದ ಶುರುವಾಗುವ ಜೋಡಕ್ಷರದ್ದು. ಅಂದರೆ 1935ರಿಂದ ಈಚೆಗೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಆದದ್ದು. ಮಾದರಿ 15ಕೆ, ಅದರಲ್ಲಿನ ‘ಕೆ’ ಆ ಕಾರ್ಖಾನೆ ಇದ್ದ ಕಿಲ್ಬೋವಿಯದು. ಕಾರ್ಖಾನೆ 1980ರಲ್ಲಿ ಮುಚ್ಚಿತು, ಅಲ್ಲಿನ ರೈಲು ನಿಲ್ದಾಣಕ್ಕೆ ಈಗಲೂ ಸಿಂಗರ್ ಎಂದೇ ಹೆಸರು.

ಒಂದು ಭಾನುವಾರವೆಲ್ಲ ಸೀಮೆಎಣ್ಣೆ, ಹಳೇ ಬನಿಯನ್, ಹಲ್ಲುಜ್ಜುವ ಬ್ರಶ್ ಹಿಡಿದು ಕೂತೆ. ಆ ಮನೆಯವರು ವರ್ಷಾನುಗಟ್ಟಲೆ ತೆಂಗಿನೆಣ್ಣೆ ಬಿಟ್ಟಿದ್ದರು, ಅದು ಕಂದು ಅಂಟಾಗಿ ಕೀಲುಕೀಲಿನಲ್ಲಿ ಕೂತಿತ್ತು. ಸಂಜೆ ಮೆಷಿನ್ ಎಣ್ಣೆ ಬಿಟ್ಟು ಚರ್ಮದ ಬೆಲ್ಟ್ ಏರಿಸಿ ತುಳಿದಾಗ ಎರಡು ಪದರ ಉಡುಪಿ ಸೀರೆಯ ಮೇಲೆ ಹೊಲಿಗೆ ಓಡಿತು ನೋಡಿ, ಮೇಲೂ ಕೆಳಗೂ ಒಂದೇ ಥರ. ನನಗೆ ಅಳು ಬಂತು.

ಇಷ್ಟರಲ್ಲಿ ನನ್ನವರ ಅಣ್ಣನಿಗೆ ಸುದ್ದಿ ಹೋಯಿತು. ಭಾವ ಬಹಳ ವರ್ಷ ಸೌದಿಯ ದಮ್ಮಾಮಿನಲ್ಲಿದ್ದವರು. 2009ರಲ್ಲಿ ಅಲ್ಲಿ, ಹಳೆಯ ಸಿಂಗರ್‌ನಲ್ಲಿ ಕೆಂಪು ಪಾದರಸವಿದೆ, ಅದರಿಂದ ನಿಧಿ ಹುಡುಕಬಹುದು, ಅಣುಬಾಂಬಿಗೂ ಬೇಕಾಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿ ಜನ ಮುಗಿಬಿದ್ದಿದ್ದರು. ಒಂದು ಮೆಷಿನಿಗೆ ಎರಡು ಲಕ್ಷ ರಿಯಾಲ್‌ವರೆಗೆ ಬೆಲೆ ಏರಿತೆಂದು ಆಗ ಪತ್ರಿಕೆಗಳೇ ಬರೆದವು. ಅಂಥ ವಸ್ತುವೇ ಇಲ್ಲ ಎಂದು ತಿಳಿದವರು ಹೇಳಿದರೂ ಭಾವನ ತಲೆಯಿಂದ ಅದು ಇಳಿದಿರಲಿಲ್ಲ. “ನಿನಗೆ ಎಂತ ಗೊತ್ತುಂಟು? ಸೂಜಿ ಹತ್ರ ಫೋನ್ ಹಿಡಿದ್ರೆ ಲೈನ್ ಕಟ್ ಆಗ್ತದೆ. ಹಾಗಾದ್ರೆ ಮಾಲು ಉಂಟು ಅಂತ ಲೆಕ್ಕ” ಎಂದರು. “ಭಾವ, ಅದು ಮಾರ್ಲಿಕ್ಕೆ ತಂದದ್ದಲ್ಲ” ಎಂದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಒಂದು ದಿನ ಕಾರ್ಕಳದಲ್ಲಿ ಮದುವೆಯೊಂದನ್ನು ಮುಗಿಸಿ ಸಂಜೆ ಬನ್ನಂಜೆಯಲ್ಲಿ ಬಸ್ಸಿಳಿದು ಮನೆಗೆ ಬಂದೆ. ಗೇಟಿನ ಹತ್ತಿರ ಗುರುತಿಲ್ಲದ ಕಾರು. ಜಗಲಿಯಲ್ಲಿ ಪೇಪರ್ ಹಾಸಿ ಮೆಷಿನಿನ ತಲೆಯನ್ನು ಮಲಗಿಸಿದ್ದರು. ಭಾವನ ಜೊತೆ ಬಂದವರಲ್ಲಿ ಒಬ್ಬ ಫೋನ್ ಹಿಡಿದು ಸೂಜಿಯ ಹತ್ತಿರ ತರುವುದು, ದೂರ ಒಯ್ಯುವುದು. “ಹೋಯ್ತು, ಹೋಯ್ತು, ಲೈನ್ ಹೋಯ್ತು!” ಎಂದು ಭಾವ ಕೂಗುತ್ತಿದ್ದರು. ನಮ್ಮ ಜಗಲಿ ಹಳೇ ಕಲ್ಲುಗೋಡೆಯದು, ಅಲ್ಲಿ ಎಂದೂ ಸಿಗ್ನಲ್ ಸರಿಯಾಗಿ ಸಿಕ್ಕಿದ್ದಿಲ್ಲ. ಫೋನ್ ಬಂದರೆ ನಾವೆಲ್ಲ ಅಂಗಳಕ್ಕೇ ಓಡುತ್ತೇವೆ. ಭಾವನಿಗೂ ಅದು ಗೊತ್ತು.

ಇನ್ನೊಬ್ಬ ಮುಂಬದಿಯ ತಗಡು ಬಿಚ್ಚಿದ್ದ. ಆ ಬಳ್ಳಿ ಚಿತ್ತಾರದ ತಗಡು ಚಪ್ಪಲಿಗಳ ನಡುವೆ ಬಿದ್ದಿತ್ತು. ಸೂಜಿಸರಳನ್ನು ಬಿಗಿಹಿಡಿಯುವ ಸಣ್ಣ ಸ್ಕ್ರೂ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೆ ಸಡಿಲಾಗುವಂಥದ್ದು. ಅವನಿಗೆ ಅಷ್ಟು ಪುರುಸೊತ್ತಿಲ್ಲ, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದ. ಟಣ್. ಇನ್ನೊಮ್ಮೆ ಟಣ್. ಸ್ಕ್ರೂವಿನ ತಲೆಯ ಸೀಳು ಹರಿದು ಬೆಳ್ಳಗಿನ ಕಬ್ಬಿಣ ಕಂಡಿತು. ಆಗ ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿದೆ. ಸೀರೆ, ಒಡವೆ ಯಾವುದರ ಪರಿವೆಯೂ ಇಲ್ಲದೆ ಮೆಷಿನಿನ ಮೇಲೆ ಬಗ್ಗಿ ಎರಡು ಕೈಯಲ್ಲಿ ಹಿಡಿದುಕೊಂಡೆ. “ಲಕ್ಷ ಬರುವುದನ್ನು ತಪ್ಪಿಸ್ತೀಯ ಮಾರಾಯ್ತಿ” ಎಂದು ಭಾವ ನನ್ನನ್ನೇ ಗದರಿಸಿದರು. ನನ್ನವರು ಬಾಗಿಲಲ್ಲಿ ನಿಂತಿದ್ದರು, ಅಣ್ಣನಿಗೆ ಎದುರಾಡಲಿಲ್ಲ. ಅದೂ ನನಗೆ ಮರೆತಿಲ್ಲ.

ಬಂದವರು ಹೋಗುವಾಗ ಬಾಬಿನ್ ಕೇಸ್ ಕೂಡ ಹೋಯಿತು. ಪರೀಕ್ಷೆಗೆ ಬೇಕಂತೆ. ಠಾಣೆಗೆ ಹೋಗುತ್ತೇನೆಂದರೆ ಮನೆಯ ಮರ್ಯಾದೆ ಎಂದರು. ಮೆಷಿನ್ ಕೊಟ್ಟುಬಿಡು, ನೆಮ್ಮದಿಯಾಗಿರು ಎಂದು ಅತ್ತೆಯೂ ಹೇಳಿದರು. ಕೊಡಲಿಲ್ಲ. ಈಗಲೂ ಅದೇ ಸರಿ ಅನ್ನುತ್ತೇನೆ.

ಸೂಜಿಸರಳು ಜಾರಿ ಕೆಳಗಿಳಿದಿತ್ತು, ಹಾಗಿದ್ದರೆ ಮೆಷಿನ್ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಉಡುಪಿಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ದಾರಿ ಹೇಳಿದರು. ಸೂಜಿಯನ್ನು ಪೂರ್ತಿ ತಳಕ್ಕೆ ಇಳಿಸಿ, ಆಮೇಲೆ ಚಕ್ರ ತಿರುಗಿಸಿ ಬೆಂಕಿಕಡ್ಡಿಯ ದಪ್ಪದಷ್ಟು, ಅಂದರೆ 2 ಮಿ.ಮೀ.ಗಿಂತ ಚೂರು ಹೆಚ್ಚು, ಮೇಲೇಳಲು ಬಿಡಬೇಕು. ಆ ಹೊತ್ತಿಗೆ ಶಟಲ್‌ನ ಕೊಕ್ಕೆ ಸೂಜಿಯ ಕಣ್ಣಿನ ಸ್ವಲ್ಪ ಮೇಲೆ ಹಾದುಹೋಗಬೇಕು. ನೂಲು ಅಲ್ಲೇ ಸಣ್ಣ ಕುಣಿಕೆಯಾಗಿ ನಿಂತಿರುತ್ತದೆ, ಕೊಕ್ಕೆ ಅದನ್ನು ಎತ್ತಿಕೊಳ್ಳುತ್ತದೆ. ಟಾರ್ಚ್ ಹಿಡಿದು ಮತ್ತೆ ಮತ್ತೆ ಸರಿಸಿ, ಹೊಸ ಸ್ಕ್ರೂ ಹಾಕಿ ಬಿಗಿದೆ. ಕೊಕ್ಕೆ ನೂಲು ಹಿಡಿದ ಆ ಗಳಿಗೆ ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಬಾಬಿನ್ ಕೇಸ್ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೇ ಸಿಕ್ಕಿತು. ಹಾಗಾಗಿ ಹೇಳುವುದು, ಮೊದಲ ಮೆಷಿನ್ 15ರ ಜಾತಿಯದೇ ಇರಲಿ. ಕಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ಕಟ್ಟಿದ ಕಪ್ಪು ಉಷಾ ಮೆಷಿನ್ ಕೂಡ ಇದೇ ಜಾತಿ, ಬಿಡಿಭಾಗ ಊರೂರಲ್ಲಿ ಇದೆ. ಸಿಂಗರ್‌ನ 12ಕೆ ಮಾದರಿ ನೋಡಲು ಎಷ್ಟೇ ಚಂದವಿರಲಿ, ಅದರ ಸೂಜಿ ಬೇರೆ, ಹುಡುಕಿ ಸಾಕಾಗುತ್ತದೆ. ಚಿತ್ತಾರದ ಮೇಲೆ ಸ್ಯಾನಿಟೈಸರ್, ಸ್ಪಿರಿಟ್ ಹಾಕಬೇಡಿ, ಅರಗಿನ ಮೆರುಗು ಕರಗಿ ಹೋಗುತ್ತದೆ. ಮಳೆಗಾಲದಲ್ಲಿ ಚರ್ಮದ ಬೆಲ್ಟ್ ಸಡಿಲಾದರೆ ಒಂದು ತುಂಡು ಕತ್ತರಿಸಿ ಮತ್ತೆ ಕೊಕ್ಕೆ ಹಾಕಿ. ಸೀರೆಯ ಪದರಗಳಿಗೆ 16ರ ಸೂಜಿ ಸಾಕು.

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೈಯಲ್ಲೇ ಹೊಲಿಯುವ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಮೆಷಿನಿನಲ್ಲಿ ಆ ದಾರಿ ಹಿಡಿದರೆ ಪದರಗಳು ಸರಿದು ನಡುವೆ ಗುಳ್ಳೆ ಏಳುತ್ತದೆ. ನಡುವಿನಿಂದ ಅಂಚಿಗೆ ಹೋಗಿ, ಉಳಿದದ್ದನ್ನು ಸುರುಳಿ ಸುತ್ತಿ ಮೆಷಿನಿನ ತೋಳಿನ ಕೆಳಗೆ ತೂರಿಸಿ. ನಾನು ತುಂಡು ಜೋಡಿಸುವುದನ್ನೆಲ್ಲ ಮೆಷಿನಿಗೆ ಬಿಟ್ಟು ಅಂಚಿನ ಸಾಲುಗಳನ್ನು ಕೈಯಲ್ಲೇ ಹಾಕುತ್ತೇನೆ, ಮಣಿಕಟ್ಟು ಅಷ್ಟನ್ನು ತಡೆಯುತ್ತದೆ.

ಭಾವ ಇನ್ನೂ ಬಾಬಿನ್ ಕೇಸ್ ತಂದುಕೊಟ್ಟಿಲ್ಲ. ಕಾರ್ಕಳದಲ್ಲಿ ಒಂದು ಸಿಂಗರ್ 28ಕೆ ಇದೆಯೆಂದು ಆ ಮದುವೆಯಲ್ಲೇ ಯಾರೋ ಹೇಳಿದ್ದರು. ಅದರ ಉದ್ದನೆಯ ಶಟಲ್ ಪೆಟ್ಟಿಗೆಯಲ್ಲೇ ಇದ್ದರೆ ತರುತ್ತೇನೆ, ಶಟಲ್ ಇಲ್ಲದಿದ್ದರೆ ಬೇಡ.