ಮುಚ್ಚುವ ಮೊದಲು: ನೆಲದಡಿ ಪೈಪ್ ಹಾಕೋ ಪಾಠ

ಹೋದ ವರ್ಷ ರಜೆಗೆ ಅವರ್ಸಾದ ಅಜ್ಜಿ ಮನೆಗೆ ಹೋಗಿದ್ದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹಿಂದಿನ ಸಂಜೆ ರಸ್ತೆ ಬದಿಯಲ್ಲಿ ಕೇಬಲ್ ಹಾಕೋಕೆ ಅಗೆದವರ ಜೆಸಿಬಿ ಬಕೆಟ್ ನೀರಿನ ಪೈಪ್‌ಗೆ ತಾಗಿತ್ತು. "ಇಲ್ಲಿ ಪೈಪ್ ಅದೆ ಅಂತ ಯಾರಿಗೆ ಗೊತ್ತು?" ಅಂದ್ರು ಆಪರೇಟರ್. ಅಕ್ಕಪಕ್ಕದ ಮನೆಯವರನ್ನೆಲ್ಲ ಕೇಳಿದೆ. ನಿಜವಾಗಿಯೂ ಯಾರಿಗೂ ಗೊತ್ತಿರಲಿಲ್ಲ. "ನಲ್ಲಿ ಇಲ್ದಿದ್ರೆ ಎಂತಾಯ್ತು, ಬಾವಿ ಅದ್ಯಲ" ಅಂತ ಅಜ್ಜಿ ಕೊಡಪಾನ ತಗೊಂಡು ಹೊರಟರು. ನಾಲ್ಕು ದಿನ ಅವರೇ ನೀರು ಸೇದಿದ್ದು, ನಾನಿದ್ದಾಗ ಮಾತ್ರ ನಾನು. ಐದನೇ ದಿನ ನಲ್ಲಿಯಲ್ಲಿ ಕೆಂಪು ನೀರು ಬಂತು.

ಕಾಲೇಜಿಗೆ ವಾಪಸ್ ಬಂದಮೇಲೆ ಈ ವಿಷಯ ಸ್ವಲ್ಪ ಓದಿದೆ. ನನಗೆ ಅರ್ಥ ಆಗಿದ್ದು ಇಷ್ಟು: ಪೈಪ್ ಹಾಕೋದು ಅಂದ್ರೆ ಅಗೆಯೋದಲ್ಲ. ಮಣ್ಣು ಮುಚ್ಚುವ ಮೊದಲು ಏನೇನು ಮಾಡ್ತೀವಿ ಅನ್ನೋದೇ ಅಸಲಿ ಕೆಲಸ. ಮುಚ್ಚಿದ ಮೇಲೆ ತಪ್ಪು ಯಾರ ಕಣ್ಣಿಗೂ ಬೀಳಲ್ಲ.

1. ಅಗೆಯುವ ಮೊದಲು ಹುಡುಕಿ

ಅಂಕೋಲಾ ಕಾರವಾರದ ನಡುವೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಆ ಸಣ್ಣ ಪಟ್ಟಿಯಲ್ಲೇ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು, ಮನೆ, ಗದ್ದೆ ಎಲ್ಲ ಇರಬೇಕು. ನೀರಿನ ಪೈಪ್, ಕೇಬಲ್‌ಗಳಿಗೆ ಉಳಿಯೋದು ರಸ್ತೆಯ ಅಂಚು ಮಾತ್ರ.

ಕೇಬಲ್ ಲೊಕೇಟರ್ ಅನ್ನೋ ಯಂತ್ರ ನೆಲದಡಿಯ ಲೋಹದ ಗೆರೆಯನ್ನು ಪತ್ತೆ ಮಾಡುತ್ತೆ. ಆದರೆ ಈಗ ಹಳ್ಳಿಗಳಲ್ಲಿ ಹಾಕುವ, ನೀಲಿ ಗೆರೆ ಇರುವ ಕಪ್ಪು ಎಚ್‌ಡಿಪಿಇ ಪೈಪ್ ಪ್ಲಾಸ್ಟಿಕ್. ಲೊಕೇಟರ್‌ಗೆ ಅದು ಕಾಣೋದೇ ಇಲ್ಲ. ಅದಕ್ಕೇ ಹಾಕುವಾಗಲೇ ಪೈಪ್ ಜೊತೆ ಒಂದು ತಾಮ್ರದ ತಂತಿ, ಅದರ ಮೇಲೆ ಸುಮಾರು ಒಂದಡಿ ಎತ್ತರದಲ್ಲಿ ಬಣ್ಣದ ಎಚ್ಚರಿಕೆ ಟೇಪ್ ಹಾಕಬೇಕು. ಬಕೆಟ್‌ಗೆ ಮೊದಲು ಟೇಪ್ ಸಿಕ್ಕಿದ್ರೆ ಆಪರೇಟರ್ ನಿಲ್ಲಿಸ್ತಾರೆ. ಅನುಮಾನ ಇರುವ ಕಡೆ ಯಂತ್ರ ಬಿಟ್ಟು ಗುದ್ದಲಿಯಿಂದ ಸಣ್ಣ ಗುಂಡಿ ತೆಗೆದು ನೋಡಬೇಕು.

2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅನ್ನೋ ಆ್ಯಪ್ ಬಿಡುಗಡೆ ಮಾಡಿತು. ಎಲ್ಲಿ ಅಗೀತೀವಿ ಅಂತ ಮೊದಲೇ ತಿಳಿಸಿದರೆ, ಅಲ್ಲಿ ಲೈನ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತೆ. ಆದರೆ ಯಾವ ಆ್ಯಪ್ ಆದರೂ, ಹಾಕಿದವರು ನಕ್ಷೆ ಇಟ್ಟಿದ್ದರೆ ಮಾತ್ರ ಉಪಯೋಗ.

2. ಗುಂಡಿಯಲ್ಲಿ ಇಳಿಯುವವರು

ಒಂದು ಘನ ಮೀಟರ್ ಮಣ್ಣು ಸುಮಾರು 1.6ರಿಂದ 2 ಟನ್ ತೂಗುತ್ತೆ, ಅಂದ್ರೆ ಒಂದು ಕಾರಿಗಿಂತ ಜಾಸ್ತಿ. 1.5 ಮೀಟರ್‌ಗಿಂತ ಆಳದ ಕಾಲುವೆಗೆ ಪಕ್ಕದಲ್ಲಿ ಹಲಗೆ ಆಸರೆ ಕೊಡಬೇಕು, ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು ಅನ್ನೋದು ಐಎಸ್ 3764ರ ನಿಯಮ. ನಮ್ಮ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಕಾಲುವೆಯ ಗೋಡೆ ಅದರ ಮುಂದೆ ಏನೂ ಅಲ್ಲ. ಆದರೂ ನೀರು ಕುಡಿದ ಮಣ್ಣು ಎರಡೂ ಕಡೆ ಒಂದೇ ಥರ ಮೋಸ ಮಾಡುತ್ತೆ.

3. ಪೈಪ್‌ಗೂ ಹಾಸಿಗೆ ಬೇಕು

ಪೈಪ್ ಮೇಲೆ ಸಾಮಾನ್ಯವಾಗಿ 1 ಮೀಟರ್ ಮಣ್ಣು ಇರಬೇಕು, ಭಾರದ ವಾಹನ ಓಡುವ ಕಡೆ ಇನ್ನೂ ಜಾಸ್ತಿ. ನಮ್ಮ ಕಡೆ ಅಗೆದರೆ ಚಿರೆಕಲ್ಲು ಸಿಗುತ್ತೆ. ಪೈಪ್ ನೇರ ಅದರ ಮೇಲೆ ಕೂತರೆ ಒಂದೇ ಬಿಂದುವಿನ ಮೇಲೆ ಭಾರ ಬಿದ್ದು ನಿಧಾನವಾಗಿ ಸೀಳುತ್ತೆ. ಹಾಗಾಗಿ ಅಡಿಯಲ್ಲಿ 10-15 ಸೆಂಟಿಮೀಟರ್ ಮರಳು ಹಾಸಬೇಕು. ಎಚ್‌ಡಿಪಿಇ ಬಾಗುವ ಪೈಪ್. ಮೇಲಿನ ಭಾರಕ್ಕೆ ಅದು ಮೊಟ್ಟೆ ಆಕಾರ ಆಗೋಕೆ ನೋಡುತ್ತೆ, ತಡೆಯೋದು ಎರಡೂ ಪಕ್ಕದ ಮಣ್ಣು. ಪಕ್ಕದಲ್ಲಿ ಸರಿಯಾಗಿ ತುಳಿದು ಗಟ್ಟಿ ಮಾಡದಿದ್ರೆ ಎಷ್ಟು ದುಬಾರಿ ಪೈಪ್ ಹಾಕಿದರೂ ವ್ಯರ್ಥ.

4. ಪೈಪ್ ತೇಲುತ್ತೆ!

ಮಳೆಗಾಲದಲ್ಲಿ ಕರಾವಳಿಯ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತೆ. ಅಗೆದ ಕಾಲುವೆಯೂ ತುಂಬುತ್ತೆ. ಈಗ ಲೆಕ್ಕ ನೋಡಿ. 200 ಮಿಮೀ ಹೊರ ವ್ಯಾಸದ ಪೈಪ್ ಪ್ರತಿ ಮೀಟರ್‌ಗೆ 31.4 ಕೆಜಿ ನೀರನ್ನು ಪಕ್ಕಕ್ಕೆ ತಳ್ಳುತ್ತೆ. ಸುಮಾರು 12 ಮಿಮೀ ದಪ್ಪ ಇದ್ರೆ ಪೈಪ್‌ನ ತೂಕ ಮೀಟರ್‌ಗೆ 7 ಕೆಜಿ. ಅಂದ್ರೆ ಖಾಲಿ ಪೈಪ್‌ನ ಪ್ರತಿ ಮೀಟರ್ ಮೇಲಕ್ಕೆ 24 ಕೆಜಿ ಬಲದಿಂದ ಏಳೋಕೆ ನೋಡುತ್ತೆ. ಒಳಗೆ ನೀರು ತುಂಬಿದರೂ ಒಟ್ಟು 31 ಕೆಜಿ ಆಗುತ್ತೆ ಅಷ್ಟೇ, ಮುಳುಗಲ್ಲ! ಮೇಲೆ ಮಣ್ಣು ಬಿದ್ದ ಮೇಲೆ ಚಿಂತೆ ಇಲ್ಲ. ಅಪಾಯ ಇರೋದು ತೆರೆದು ಬಿಟ್ಟ ರಾತ್ರಿಯಲ್ಲಿ. ಬೆಳಿಗ್ಗೆ ಮೇಲೆದ್ದ ಪೈಪ್‌ನ ಕೆಳಗೆ ಕೆಸರು ಸೇರಿ, ಇಳಿಜಾರು, ಹಾಸಿಗೆ ಎಲ್ಲ ಹಾಳು. ಅದಕ್ಕೇ ಆ ದಿನ ಹಾಕಿದಷ್ಟನ್ನು ಆ ದಿನವೇ, ಜಾಯಿಂಟ್ ಬಿಟ್ಟು ಉಳಿದ ಕಡೆ ಮುಚ್ಚಬೇಕು.

5. ಪರೀಕ್ಷೆ, ಆಮೇಲೆ ಮಣ್ಣು

ಜಾಯಿಂಟ್ ತೆರೆದಿಡೋದು ಯಾಕೆ? ಗಾಳಿ ಹೊರಗೆ ಹೋಗುವ ಹಾಗೆ ನಿಧಾನ ನೀರು ತುಂಬಿ, ಕೆಲಸದ ಒತ್ತಡದ ಸುಮಾರು ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡೋಕೆ. 6 ಬಾರ್ ಇದ್ರೆ 9 ಬಾರ್. ಸೋರುವ ಜಾಯಿಂಟ್ ಆಗ ಕಣ್ಣೆದುರೇ ಸಿಕ್ಕಿಬೀಳುತ್ತೆ.

ಸೋರಿಕೆ ಅಂದ್ರೆ ನೀರು ಪೋಲಾಗೋದು ಮಾತ್ರ ಅಲ್ಲ. ನಮ್ಮೂರಿನ ಹಾಗೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುವ ಕಡೆ, ಉಳಿದ ಹೊತ್ತು ಪೈಪ್‌ನಲ್ಲಿ ಒತ್ತಡ ಇರಲ್ಲ. ಆಗ ಅದೇ ತೂತಿನಿಂದ ಹೊರಗಿನ ಕೊಳಕು ಒಳಗೆ ಬರುತ್ತೆ. ಕುಡಿಯುವ ನೀರಿನ ಪೈಪ್ ಚರಂಡಿ ಪೈಪ್‌ನಿಂದ 3 ಮೀಟರ್ ದೂರ ಇರಬೇಕು, ದಾಟಲೇಬೇಕಾದ ಕಡೆ ಅರ್ಧ ಮೀಟರ್ ಮೇಲೆ ಇರಬೇಕು ಅಂತ ನಿಯಮ ಮಾಡಿರೋದು ಇದಕ್ಕೇ. ಅಜ್ಜಿ ಮನೆಯ ಕೆಂಪು ನೀರಿನಲ್ಲಿ ಮಣ್ಣು ಕಣ್ಣಿಗೆ ಕಂಡಿತು. ಕಾಣದ್ದು ಏನಿತ್ತೋ! ಹದಿನೈದು ದಿನ ಕುದಿಸಿ ಕುಡಿದೆವು.

6. ಕೊನೆಗೆ ಒಂದು ಹಾಳೆ

ಹೆದ್ದಾರಿ ಒಡೆಯದೇ ಅಡಿಯಲ್ಲೇ ಕೊರೆದು ಪೈಪ್ ಎಳೆಯುವ ತಂತ್ರವೂ ಇದೆ. ಈ ರೀತಿ ಮೊದಲ ಬಾರಿ ನದಿ ದಾಟಿದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆದರೆ ಅಲ್ಲೂ ಮುಂಚೆ ಹಾಕಿದ ಲೈನ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ರೆ ಕೊರೆಯುವ ತಲೆ ಅದನ್ನೇ ತೂತು ಮಾಡುತ್ತೆ. ತಂತ್ರ ಯಾವುದಾದರೂ ಬೇಕಾಗೋದು ಅದೇ ಮಾಹಿತಿ: ಎಲ್ಲಿ, ಎಷ್ಟು ಆಳ, ಯಾವ ಪೈಪ್, ಯಾವಾಗ ಹಾಕಿದ್ದು. ಕಾಲುವೆ ತೆರೆದಿರುವಾಗ ಟೇಪ್ ಹಿಡಿದು ಅಳೆದು, ಮೊಬೈಲ್‌ನಲ್ಲಿ ಫೋಟೋ ತೆಗೆದು ಬರೆದಿಡೋಕೆ ಹತ್ತು ನಿಮಿಷ ಸಾಕು. ಮುಚ್ಚಿದ ಮೇಲೆ ಅದನ್ನೇ ತಿಳಿಯೋಕೆ ಇಡೀ ರಸ್ತೆ ಅಗೀಬೇಕು.

ಇನ್ನು ಎರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಸೈಟ್‌ನಲ್ಲಿ ನಿಂತಿರ್ತೀವಿ. "ಬೇಗ ಮುಚ್ಚಿ ಸಾರ್, ಬಿಲ್ ಆಗ್ಬೇಕು" ಅಂತ ಯಾರೋ ಹೇಳೇ ಹೇಳ್ತಾರೆ. ಆಗ ಹತ್ತು ನಿಮಿಷ ತಡೆಯಿರಿ. ಯಾವುದೋ ಊರಲ್ಲಿ ಒಬ್ಬರು ಅಜ್ಜಿಗೆ ಕೊಡಪಾನ ಎತ್ತುವ ಕೆಲಸ ತಪ್ಪುತ್ತೆ.