ಸಭಾಪಾಠ: ವೃದ್ಧ ಸ್ತ್ರೀಯರ ಮನೋವ್ಯಥೆಯೂ ಹೊಗೆಸೊಪ್ಪೂ

(ರೂತಳು 1 ಮತ್ತು 2ನೆಯ ಅಧ್ಯಾಯಗಳನ್ನು ಓದಿರಿ.)

ಪ್ರಿಯರೇ, ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಮ್ಮ ಸಭೆಗಳಲ್ಲಿ ಬೀಡಿ ಸೇದುವ ಮುದುಕಿಯರು ವಿರಳ; ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರೇ ಹೆಚ್ಚು. 2016-17ರ ಸರಕಾರೀ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಸ್ತ್ರೀಯರೊಳಗೆ ಹತ್ತರಲ್ಲಿ ಒಬ್ಬಳು ಹೊಗೆಸೊಪ್ಪಿನ ಅಭ್ಯಾಸವುಳ್ಳವಳೆಂದು ಕಂಡುಬಂತು.

ಗಂಡನನ್ನು ಮಣ್ಣುಮಾಡಿ ಬಂದವಳು, ಮಕ್ಕಳೆಲ್ಲರೂ ಬೆಂಗಳೂರು ಸೇರಿದ ಮೇಲೆ ಒಂಟಿಯಾದವಳು, ರಾತ್ರಿ ನಿದ್ರೆ ಬಾರದೆ ಸಂಚಿಯನ್ನು ಬಿಚ್ಚುವಳು. ಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷವು ಕ್ಷಣಕಾಲ ಮನಸ್ಸನ್ನು ಹಗುರಮಾಡುವದು. ಅದು ಇಳಿದೊಡನೆ ಕಳವಳವೂ ಬೇಸರವೂ ಹುಟ್ಟುವವು. ಆಕೆಯೋ ಅದನ್ನು ತನ್ನ ಹಳೆಯ ದುಃಖವೆಂದೇ ಎಣಿಸಿ ತಿರಿಗಿ ಸಂಚಿಗೆ ಕೈಹಾಕುವಳು. ಧೂಮಪಾನವನ್ನು ಬಿಟ್ಟವರಲ್ಲಿಯಾದರೋ, ಮೊದಲ ಕೆಲವು ವಾರಗಳ ಕಷ್ಟವು ಕಳೆದ ಮೇಲೆ ಮನಸ್ಸಿನ ಭಾರವು ಕಡಿಮೆಯಾಗುವದನ್ನು ವೈದ್ಯರು ಕಂಡಿದ್ದಾರೆ.

ನಾವು ಇಂಥವಳನ್ನು ಸಭೆಯ ಮುಂದೆ ಗದರಿಸುತ್ತೇವೆ. (ಉಪದೇಶಿಗಳಾದ ನಮ್ಮೊಳಗೂ ನಶ್ಯದ ಡಬ್ಬಿಯುಳ್ಳವರಿದ್ದಾರೆ.) ತನ್ನನ್ನು ಮಾರಾ ಎಂದು ಕರೆದುಕೊಂಡ ನೊವೊಮಿಯನ್ನು ರೂತಳು ಗದರಿಸಲಿಲ್ಲ, ಆಕೆಯೊಡನೆ ನೆಲೆಸಿ, ಹಕ್ಕಲಾಯ್ದು ತಂದು ಉಣ್ಣಲಿಕ್ಕಿದಳು. ಆದದರಿಂದ ಸಹೋದರಿಯರೇ, ಸಂಜೆಯ ಹೊತ್ತು ಅಂಥವಳ ಜಗಲಿಯಲ್ಲಿ ಕೂತುಕೊಳ್ಳಿರಿ. ಊಟವೂ ನಿದ್ರೆಯೂ ಕೆಟ್ಟು ಎರಡು ವಾರ ಮಂಕಾಗಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. 14416 ಎಂಬ ಸರಕಾರದ ದೂರವಾಣಿಗೆ ಕರೆಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿಯೇ ಆಲೋಚನೆ ಹೇಳುವರು.